ಹನ್ನೆರಡು ಹತ್ತರ ಬೆಳಕು

ಡಿಸೆಂಬರ್ 9, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಐವತ್ತೈದು ನಿಮಿಷ. ಅಮ್ಮ ಪುಸ್ತಕಗಳಿಗೆ ರಟ್ಟು ಕಟ್ಟುವ ಶೆಡ್ಡಿನ ಗೋಡೆ ಗಡಿಯಾರ ಹಾಗಂತ ಹೇಳುತ್ತಿತ್ತು.

"ವ್ಯಾನ್ ಹೊರಡೋಕೆ ಇನ್ನೂ ಐದು ನಿಮಿಷ ಇದೆ. ಆ ತುದಿ ಹಿಡ್ಕೋ ಚಿಟಿಕೆ," ಎಂದಳು ಅಮ್ಮ.

ಚಿಟಿಕೆ ಪೆಟ್ಟಿಗೆಯ ಆ ತುದಿ ಹಿಡಿದಳು. ಒಳಗೆ ನಲವತ್ತು ಪುಸ್ತಕಗಳಿದ್ದವು. ಕಾಲೇಜಿನ ಕೊನೆಯ ವರ್ಷದವರು ಬರೆದ ಪ್ರಾಜೆಕ್ಟುಗಳು. ಅಮ್ಮ ಅವನ್ನೆಲ್ಲ ದಾರ ಹಾಕಿ ಹೊಲಿದು, ಅಂಟು ಹಚ್ಚಿ, ನೀಲಿ ರಟ್ಟು ಕಟ್ಟಿ ಮುಗಿಸಿದ್ದಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವು ಪರೀಕ್ಷಕರ ಮೇಜಿನ ಮೇಲಿರಬೇಕು.

ಇಬ್ಬರೂ ಏದುಸಿರು ಬಿಡುತ್ತಾ ಬೀದಿಯ ತಿರುವಿಗೆ ಬಂದರು. ಅಲ್ಲಿ ವ್ಯಾನೂ ಇಲ್ಲ, ವ್ಯಾನಿನ ಧೂಳೂ ಇಲ್ಲ.

"ಪಾರ್ಸೆಲ್ ವ್ಯಾನಾ ಅಕ್ಕಾ?" ಸೈಕಲ್ ರಿಪೇರಿಯವನು ಚಕ್ರಕ್ಕೆ ಗಾಳಿ ಹಾಕುತ್ತಲೇ ಕೇಳಿದ. "ಹೋಯ್ತಲ್ಲ! ಹಾರ್ನ್ ಹೊಡೆದ, ಹೊಡೆದ, ಆಮೇಲೆ ಬೈಕೊಂಡು ಹೋದ."

"ಇನ್ನೂ ನಾಲ್ಕೇ ಆಗಿಲ್ಲ!"

"ಯಾವ ಲೋಕದಲ್ಲಿ?" ಅವನು ಕೈಗಡಿಯಾರ ತಿರುಗಿಸಿ ತೋರಿಸಿದ. ನಾಲ್ಕು ಗಂಟೆ ಐದು ನಿಮಿಷ.

ಅಮ್ಮ ಮನೆಗೆ ಓಡಿ ಕಪಾಟಿನಿಂದ ಫೋನ್ ತೆಗೆದಳು. ಅಂಟು ತಾಗಿ ಒಂದು ಫೋನ್ ಹಾಳಾದ ಮೇಲೆ ಅವಳು ಫೋನನ್ನು ಶೆಡ್ಡಿಗೆ ತರುತ್ತಿರಲಿಲ್ಲ. ಅಲ್ಲಿ ಗೋಡೆ ಗಡಿಯಾರವೇ ಎಲ್ಲ. ಫೋನಿನಲ್ಲಿ ಡ್ರೈವರಿನ ಮೂರು ಮಿಸ್ಡ್ ಕಾಲ್ ಇದ್ದವು. ಅಮ್ಮ ಅವನಿಗೆ ತಿರುಗಿ ಫೋನ್ ಮಾಡಿದಳು.

"ಹೋದ ವಾರವೂ ನಿಮಗೋಸ್ಕರ ಕಾದೆ ಅಮ್ಮಾ," ಎಂದ ಡ್ರೈವರ್. "ಈಗ ಸೇತುವೆ ದಾಟಿಬಿಟ್ಟಿದ್ದೀನಿ. ವಾಪಸ್ ಬಂದ್ರೆ ನನ್ನ ಕೆಲಸ ಹೋಗುತ್ತೆ."

ಅಮ್ಮ ಪೆಟ್ಟಿಗೆಗೆ ಹಗ್ಗ ಬಿಗಿದಳು. ಸೈಕಲ್ಲಿನವನು ಅದನ್ನು ಸೈಕಲ್ ಮೇಲಿಟ್ಟು ಬಸ್ ಸ್ಟಾಪಿನವರೆಗೆ ತಳ್ಳಿಕೊಂಡು ಬಂದ. ಎರಡು ಬಸ್ ಬದಲಿಸಿ ಅಷ್ಟು ಭಾರ ಹೊರಬೇಕು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅಮ್ಮ ಹೇಳಿದಳು: "ಅಷ್ಟು ಒಳ್ಳೆ ಗಡಿಯಾರ! ಇದ್ದಕ್ಕಿದ್ದ ಹಾಗೆ ಏನು ಬಂತೋ ಅದಕ್ಕೆ!"

ಗಡಿಯಾರಕ್ಕೆ ಏನು ಬಂತು ಎಂದು ಚಿಟಿಕೆಗೆ ಗೊತ್ತಿತ್ತು.

ಚಿಟಿಕೆಗೆ ಹತ್ತು ವರ್ಷ. ಹುಟ್ಟಿದಾಗ ಚಿಟಿಕೆಯಷ್ಟೇ ಇದ್ದಳಂತೆ, ಹೆಸರು ಹಾಗೇ ಅಂಟಿಕೊಂಡಿತ್ತು. ಜೂನ್ ತಿಂಗಳಿಂದ ಅವಳು ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದಳು. ಶಾಲೆ ಕೆಟ್ಟದ್ದೇನಲ್ಲ. ಆದರೆ ಬೆಲ್ ಹೊಡೆದಾಗಲೆಲ್ಲ ಅವಳು ಯಾವುದೋ ಒಂದರ ಮಧ್ಯದಲ್ಲಿರುತ್ತಿದ್ದಳು. ಇರುವೆ ಇನ್ನೂ ಗೂಡು ಸೇರಿರುತ್ತಿರಲಿಲ್ಲ, ಲೆಕ್ಕ ಇನ್ನೂ ಬಿಡಿಸಿ ಮುಗಿದಿರುತ್ತಿರಲಿಲ್ಲ, ಅಷ್ಟರಲ್ಲಿ ಟಣ್ ಟಣ್.

"ಮನೇಲೇ ಕಲೀತೀನಿ" ಎಂದು ಅವಳು ಹಟ ಹಿಡಿದಾಗ ಅಮ್ಮ ಒಪ್ಪಿದಳು. ಅಪ್ಪ ಅರ್ಧ ಮನಸ್ಸಿನಿಂದ ಒಪ್ಪಿದ. ಉಳಿದ ರಟ್ಟಿನ ಮೇಲೆ ಒಂದು ಒಪ್ಪಂದ ಬರೆದು ಮೂವರೂ ಸಹಿ ಹಾಕಿದರು. ಟೈಮ್‌ಟೇಬಲ್ ಚಿಟಿಕೆಯೇ ಮಾಡಬೇಕು. ಅದನ್ನು ಯಾರೂ ನೆನಪಿಸಬಾರದು. ಮಾಡಿದ್ದನ್ನು ದಿನಾ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಡಿಸೆಂಬರ್ 31ಕ್ಕೆ ಮೂವರೂ ಕೂತು ನೋಡುವುದು. ಸರಿಹೋಗದಿದ್ದರೆ ಜನವರಿಯಲ್ಲಿ ಶಾಲೆ.

ತಾನೇ ಟೀಚರ್, ತಾನೇ ಸ್ಟೂಡೆಂಟ್, ತಾನೇ ಬೆಲ್ಲು. ಮೊದಲ ತಿಂಗಳು ಅವಳ ಟೈಮ್‌ಟೇಬಲ್ ಮೂರು ಸಲ ಸತ್ತು ಮೂರು ಸಲ ಹುಟ್ಟಿತು. ಆಮೇಲೆ ನಿಧಾನಕ್ಕೆ ಕಾಲೂರಿತು.

ಅದರಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಪೀರಿಯಡ್ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷದ್ದು. ಅದು ಇದ್ದದ್ದು ಒಂದೇ ನಿಮಿಷ.

ಶೆಡ್ಡಿನ ತಗಡಿನ ಚಾವಣಿಯಲ್ಲಿ ಮೊಳೆ ಕಿತ್ತು ಹೋಗಿ ಒಂದು ತೂತಾಗಿತ್ತು. ಅದರೊಳಗಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿಯುತ್ತಿತ್ತು. ಕಾಗದದ ಧೂಳು ಅದರಲ್ಲಿ ಮಿಣಮಿಣ ಮಿಂಚುತ್ತಿತ್ತು. ನೆಲದ ಮೇಲೆ ನಿಂಬೆಹಣ್ಣಿನಷ್ಟು ಒಂದು ಬೆಳಕು ಕೂರುತ್ತಿತ್ತು. ತೂತು ಹರಿದು ಮೂಲೆಮೂಲೆಯಾಗಿತ್ತು, ಬೆಳಕು ಮಾತ್ರ ದುಂಡಗಿತ್ತು. ಯಾಕೆ?

ಲೈಬ್ರರಿಯ ಪುಸ್ತಕದಲ್ಲಿ ಉತ್ತರ ಸಿಕ್ಕಿತು. ಅದು ಬರೀ ಬೆಳಕಲ್ಲ, ಸೂರ್ಯನ ಚಿತ್ರ. ಅಷ್ಟು ದೊಡ್ಡ ಸೂರ್ಯ ಮೊಳೆಯ ತೂತಿನಲ್ಲಿ ತೂರಿಕೊಂಡು ಅಮ್ಮನ ಅಂಟಿನ ಡಬ್ಬಿಯ ಪಕ್ಕ ಬಂದು ಕೂತಿದ್ದ. ಆವತ್ತಿನಿಂದ ಅವಳು ಆ ಬೆಳಕನ್ನು ತುಳಿಯಲಿಲ್ಲ.

ಅಕ್ಟೋಬರ್ 28ರಿಂದ ಅವಳು ದಿನಾ ಸರಿಯಾಗಿ ಹನ್ನೆರಡು ಹತ್ತಕ್ಕೆ ಬೆಳಕಿನ ನಡುವಿಗೆ ಒಂದು ಚುಕ್ಕಿ ಇಟ್ಟಳು. ಚುಕ್ಕಿಗಳು ಹಿಂದಿನ ಗೋಡೆಯ ಕಡೆಗೆ ಸಾಲಾಗಿ ನಡೆದವು. ಎರಡು ವಾರದ ಮೇಲೆ ಅವುಗಳ ಮೇಲೆ ಒಂದು ಗೆರೆ ಎಳೆದಳು. ಗೆರೆ ನೂಲು ಹಿಡಿದ ಹಾಗೆ ನೆಟ್ಟಗೆ ಬಂತು. ಸೂರ್ಯ ಎಷ್ಟು ಶಿಸ್ತು! ಅವಳು ಗೆರೆಯನ್ನು ಗೋಡೆಯವರೆಗೂ ಎಳೆದಳು. ಇನ್ನು ಮೇಲೆ ಬೆಳಕು ಹನ್ನೆರಡು ಹತ್ತಕ್ಕೆ ಇದರ ಮೇಲೆಯೇ ಬೀಳಬೇಕು.

ಬೀಳಲಿಲ್ಲ. ನವೆಂಬರ್ ಮಧ್ಯದಿಂದ ಹನ್ನೆರಡು ಹತ್ತಾದರೂ ಬೆಳಕು ಗೆರೆಯನ್ನು ಮುಟ್ಟಿರುತ್ತಿರಲಿಲ್ಲ. ಬಾಗಿಲ ಕಡೆಯಿಂದ ಬರುತ್ತಾ ಇನ್ನೂ ದಾರಿಯಲ್ಲೇ ಇರುತ್ತಿತ್ತು. ಚಿಟಿಕೆ ಯೋಚಿಸಿದಳು. ಸೂರ್ಯ ತಪ್ಪುವುದುಂಟೇ? ಗಡಿಯಾರವೇ ಮುಂದೆ ಓಡುತ್ತಿರಬೇಕು. ಸ್ಟೂಲ್ ಹತ್ತಿ ಗಡಿಯಾರ ಇಳಿಸಿದಳು. ಬೆಳಕು ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಹನ್ನೆರಡು ಹತ್ತಾಗುವಂತೆ ಹಿಂದಿನ ಗುಂಡಿ ತಿರುಗಿಸಿದಳು. ಎರಡು ದಿನದಲ್ಲಿ ಮತ್ತೆ ಅದೇ ಕತೆ. ಮತ್ತೆ ತಿರುಗಿಸಿದಳು. ಆಮೇಲೆ ಹೆಚ್ಚುಕಡಿಮೆ ದಿನಾ ತಿರುಗಿಸಿದಳು.

ವ್ಯಾನ್ ತಪ್ಪಿದ ಆ ಸಂಜೆ ಅಪ್ಪ ನೋಟ್‌ಬುಕ್ ಬಿಡಿಸಿ ಕೂತ. ಅಪ್ಪ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಓದುವಾಗ ಅವನ ಬೆರಳು ಒಂದೊಂದೇ ಸಾಲಿನ ಮೇಲೆ ಹೋಗುತ್ತಿತ್ತು.

"ಇಪ್ಪತ್ತೊಂದು ಸಲ," ಎಂದ ಕೊನೆಗೆ. "ಇಪ್ಪತ್ತೊಂದು ಸಲ ಗಡಿಯಾರ ಹಿಂದೆ ತಿರುಗಿಸಿದ್ದೀಯ. ಒಟ್ಟು ಎಂಟೂವರೆ ನಿಮಿಷ. ಅಮ್ಮನಿಗೆ ಹೇಳಿದ್ಯಾ?"

"ಇಲ್ಲ. ಸರಿ ಮಾಡ್ತಿದೀನಿ ಅಂದ್ಕೊಂಡಿದ್ದೆ."

"ಗಡಿಯಾರ ತಪ್ಪು ಅಂತ ಯಾರು ಹೇಳಿದ್ರು?"

"ಸೂರ್ಯ ತಪ್ಪು ಮಾಡ್ತಾನಾ ಅಪ್ಪ? ಗಡಿಯಾರ ಆದ್ರೆ ಸೆಲ್ ವೀಕ್ ಆಗುತ್ತೆ."

"ಸೆಲ್ ವೀಕ್ ಆದ್ರೆ ಗಡಿಯಾರ ಹಿಂದೆ ಬೀಳುತ್ತೆ. ಮುಂದೆ ಓಡ್ತಿದೆ ಅಂತ ನೀನೇ ಬರೆದಿದ್ದೀಯ."

ಇದು ಚಿಟಿಕೆಗೆ ಹೊಳೆದೇ ಇರಲಿಲ್ಲ.

"ಲ್ಯಾಬಲ್ಲಿ ಮಷಿನ್ ವಿಚಿತ್ರ ರೀಡಿಂಗ್ ಕೊಟ್ರೆ ನಾವು ಗುಂಡಿ ತಿರುಗಿಸೋಕೆ ಹೋಗಲ್ಲ," ಎಂದ ಅಪ್ಪ. "ಉತ್ತರ ಮೊದಲೇ ಗೊತ್ತಿರೋ ಸ್ಯಾಂಪಲ್ ಒಂದಿರುತ್ತೆ. ಅದನ್ನ ಹಾಕಿ ಮಷಿನ್ ಏನು ಹೇಳುತ್ತೆ ನೋಡ್ತೀವಿ. ನಮಗೆ ಬೇಕಾದ ಉತ್ತರ ಬರೋ ತನಕ ತಿರುಗಿಸ್ತಾ ಹೋದ್ರೆ ಪೇಶೆಂಟ್ ಗತಿ ಏನು?" ಅವನು ನೋಟ್‌ಬುಕ್ ಮುಚ್ಚಿದ. "ನಾಳೆ ಶಾಲೆಗೆ ಫೋನ್ ಮಾಡಿ ಜನವರಿಗೆ ಒಂದು ಸೀಟು ಕೇಳಿ ಇಡ್ತೀನಿ."

ಅಮ್ಮ ಮನೆಗೆ ಬಂದಾಗ ರಾತ್ರಿ ಒಂಬತ್ತು ದಾಟಿತ್ತು. ಮರುದಿನ ಬೆಳಿಗ್ಗೆಯೂ ಅವಳ ಎರಡೂ ಅಂಗೈಯಲ್ಲಿ ಹಗ್ಗದ ಕೆಂಪು ಬರೆ ಹಾಗೇ ಇತ್ತು. ಅವಳು ಬೈಯಲಿಲ್ಲ. "ಒಂದು ಮಾತು ನನಗೆ ಹೇಳಿದ್ರೆ ಸಾಕಿತ್ತಲ್ಲೇ," ಎಂದಳು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚಿಟಿಕೆಗೆ.

ಆಮೇಲೆ ಅಮ್ಮ ಅಪ್ಪನ ಕಡೆ ತಿರುಗಿದಳು. "ಸೀಟು ಬೇಕಾದ್ರೆ ಕೇಳಿ. ಆದ್ರೆ ಒಪ್ಪಂದ ಮೂವತ್ತೊಂದಕ್ಕೆ. ಸಹಿ ನಿಮ್ಮದೂ ಇದೆ."

ಅಪ್ಪ ಬೂಟಿನ ದಾರ ಕಟ್ಟುತ್ತಾ ತಲೆಯಾಡಿಸಿದ.

ಆ ಬೆಳಿಗ್ಗೆ ಚಿಟಿಕೆ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ, ಗಡಿಯಾರ ರಿಪೇರಿ ಮಾಡುವ ತಾತನ ಅಂಗಡಿಗೆ ಹೊತ್ತೊಯ್ದಳು. ಅದು ಅಂಗಡಿ ಅನ್ನುವುದಕ್ಕಿಂತ ಬೀರು ಅನ್ನಬಹುದು. ತಾತ ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಸುತ್ತ ನೂರಾರು ಗಡಿಯಾರ ಟಿಕ್ ಟಿಕ್ ಅನ್ನುತ್ತಿದ್ದವು.

"ಏನಂತೆ ಇದರ ಕಾಯಿಲೆ?" ತಾತ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ.

"ಮುಂದೆ ಓಡುತ್ತೆ ತಾತ. ಓಡುತ್ತೆ ಅನ್ಸುತ್ತೆ. ಮೂರು ದಿನ ಇಟ್ಕೊಂಡು ನೋಡ್ತೀರಾ?"

ಶನಿವಾರ ಬೆಳಿಗ್ಗೆ ತಾತ ತೀರ್ಪು ಕೊಟ್ಟ. "ಮೂರು ದಿನದಲ್ಲಿ ಒಂದು ಸೆಕೆಂಡ್. ಅದೂ ಹಿಂದೆ. ಬಂಗಾರದಂಥ ಗಡಿಯಾರ. ಇದರ ಮೇಲೆ ಯಾರಮ್ಮ ಚಾಡಿ ಹೇಳಿದ್ದು?"

"ಹಾಗಾದ್ರೆ," ಚಿಟಿಕೆ ಕೇಳಿದಳು, "ಸೂರ್ಯ ಲೇಟಾ?"

ತಾತ ಹೊಟ್ಟೆ ಹಿಡಿದು ನಕ್ಕ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ನೀನು ಆಕಾಶವೇ ಡೊಂಕು ಅಂತೀಯಲ್ಲೇ!" ಚಿಟಿಕೆ ನಗಲಿಲ್ಲ. ಗೆರೆ, ಚುಕ್ಕಿ, ತೂತು, ಎಲ್ಲ ಹೇಳಿದಳು. ಹೇಳುತ್ತಾ ಹೋದಂತೆ ತಾತನ ನಗು ಆರಿತು. ಅವನು ಮಸೂರ ತೆಗೆದು ಅವಳನ್ನೇ ನೋಡಿದ.

"ನನ್ನ ಗುರು ಕೊಟ್ಟ ಹಳೇ ಪುಸ್ತಕ ಒಂದಿದೆ. ಅದರಲ್ಲಿ ಸೂರ್ಯನ ಹೊತ್ತಿನದೇ ಒಂದು ಪಟ್ಟಿ..." ಎನ್ನುತ್ತಾ ಕೆಳಗಿನ ಡ್ರಾ ಎಳೆದ.

"ಬೇಡ ತಾತ! ತೋರಿಸ್ಬೇಡಿ! ನಾನೇ ನೋಡ್ತೀನಿ."

ತಾತನ ಕೈ ಅಲ್ಲೇ ನಿಂತಿತು. ಒಂದು ಕ್ಷಣದ ಮೇಲೆ ಡ್ರಾ ಮೆಲ್ಲಗೆ ಮುಚ್ಚಿತು. ಅವನು ಒಂದು ಚೂರು ಕಾಗದವನ್ನು ಗಡಿಯಾರದ ಗುಂಡಿಯ ಮೇಲೆ ಅಂಟಿಸಿ ಸಹಿ ಹಾಕಿದ. "ಸೀಲ್ ಮಾಡಿದ್ದೀನಿ. ಇನ್ನು ಇದನ್ನ ಯಾರೂ ತಿರುಗಿಸೋ ಹಾಗಿಲ್ಲ. ನೀನೂ, ನಾನೂ."

ಆವತ್ತೇ, ಡಿಸೆಂಬರ್ 13, ಹನ್ನೆರಡು ಹತ್ತಕ್ಕೆ ಚಿಟಿಕೆ ಬೆಳಕಿಗೆ ಚುಕ್ಕಿ ಇಟ್ಟು ಗೆರೆಯಿಂದ ಅಳೆದಳು. ಸರಿಯಾದ ಗಡಿಯಾರದ ಮುಂದೆ ನೋಡಿದರೆ ಬೆಳಕು ಗೆರೆಯಿಂದ 167 ಮಿಲಿಮೀಟರ್ ದೂರ, ಬಾಗಿಲ ಕಡೆಗೆ ಇತ್ತು. ಅವಳ ಒಂದು ಗೇಣಿಗಿಂತ ಹೆಚ್ಚು! ಇಷ್ಟು ದಿನ ಗಡಿಯಾರದ ಕಿವಿ ಹಿಂಡಿ ಹಿಂಡಿ ಅವಳು ಇದನ್ನು ತನ್ನಿಂದಲೇ ಬಚ್ಚಿಟ್ಟಿದ್ದಳು.

ಅವಳು ಹೊಸ ಪುಟದಲ್ಲಿ ಎರಡು ಕಾಲಂ ಹಾಕಿದಳು. ದಿನಾ ಬೆಳಿಗ್ಗೆ ಎಂಟಕ್ಕೆ ರೇಡಿಯೋವನ್ನು ಶೆಡ್ಡಿಗೆ ತಂದು ಅದರ ಬೀಪ್‌ಗೂ ಗಡಿಯಾರಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಿದಳು. ಅದು ಮೊದಲ ಕಾಲಂ. ಹನ್ನೆರಡು ಹತ್ತಕ್ಕೆ ಬೆಳಕು ಗೆರೆಯಿಂದ ಎಷ್ಟು ದೂರ, ಅದು ಎರಡನೆಯದು.

ಮೊದಲ ಕಾಲಂನಲ್ಲಿ ದಿನಾ ಸೊನ್ನೆ. ಎರಡನೆಯದರಲ್ಲಿ 174, 182, 189, 197. ದಿನಕ್ಕೆ ಏಳೋ ಎಂಟೋ ಮಿಲಿಮೀಟರ್ ಏರುತ್ತಲೇ ಹೋಯಿತು.

ಒಂದು ದಿನ ಚುಕ್ಕಿ ಇಟ್ಟ ಮೇಲೂ ಅವಳು ಏಳಲಿಲ್ಲ. ಹೊಟ್ಟೆಯ ಮೇಲೆ ಮಲಗಿ ಬೆಳಕಿನ ಅಂಚಿಗೆ ಪೆನ್ಸಿಲ್ ತುದಿ ಇಟ್ಟು ನೋಡಿದಳು. ಬೆಳಕು ಸುಮ್ಮನೆ ಕೂತಿರಲಿಲ್ಲ! ಅದು ಪೆನ್ಸಿಲ್ಲಿನಿಂದ ಜಾರುತ್ತಿತ್ತು. ಕಣ್ಣಿಗೆ ಕಾಣುವಷ್ಟು ಬೇಗ ಜಾರುತ್ತಿತ್ತು. ಒಂದು ನಿಮಿಷಕ್ಕೆ ಅಳೆದಳು, 16 ಮಿಲಿಮೀಟರ್.

ಸೂರ್ಯ ಅಲ್ಲೇ ಇದ್ದಾನೆ. ಜಾರುತ್ತಿರುವುದು ಇದು, ಈ ನೆಲ. ಅವಳ ಹೊಟ್ಟೆಯ ಕೆಳಗಿನ ನೆಲ, ಅಂಟಿನ ಡಬ್ಬಿ, ಪುಸ್ತಕ ಒತ್ತುವ ಪ್ರೆಸ್ಸು, ದಬ್ಬಳದಲ್ಲಿ ದಾರ ಪೋಣಿಸುತ್ತಿರುವ ಅಮ್ಮ, ಬೀದಿ, ಸೈಕಲ್ ಅಂಗಡಿ, ಎಲ್ಲ ಒಟ್ಟಿಗೆ ಸದ್ದಿಲ್ಲದೆ ತಿರುಗುತ್ತಿದ್ದವು. ಚಿಟಿಕೆ ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿದಳು.

"ಯಾಕೆ, ಬೀಳ್ತೀಯ ಅಂತ ಭಯಾನಾ?" ಅಮ್ಮ ಕೇಳಿದಳು.

"ಅಮ್ಮ, ನಾವು ಹೋಗ್ತಾ ಇದೀವಿ."

"ಎಲ್ಲಿಗೆ? ನನಗೆ ಇನ್ನೂ ಹನ್ನೆರಡು ಪುಸ್ತಕ ಬಾಕಿ ಇದೆ."

ನಕ್ಕರೂ ಅಮ್ಮ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಬೆಳಕು ಒಂದು ಬೆರಳಗಲ ಹೋಗುವುದನ್ನು ನೋಡಿದರು.

"ನಿಮಿಷಕ್ಕೆ ಹದಿನಾರು," ಚಿಟಿಕೆ ಮೆಲ್ಲಗೆ ಹೇಳಿದಳು. "ಹಾಗಾದ್ರೆ ಎಂಟು ಅಂದ್ರೆ ಅರ್ಧ ನಿಮಿಷ. ಸೂರ್ಯ ದಿನಾ ಹತ್ತಿರ ಹತ್ತಿರ ಅರ್ಧ ನಿಮಿಷ ಲೇಟಾಗಿ ಬರ್ತಿದಾನೆ ಅಮ್ಮ."

"ಅವನಿಗೂ ಟೈಮ್‌ಟೇಬಲ್ ಸರಿ ಇಲ್ವಾ?"

"ಇರುತ್ತೆ. ನಂಗೆ ಗೊತ್ತಿಲ್ಲ ಅಷ್ಟೆ."

ಡಿಸೆಂಬರ್ 24ಕ್ಕೆ ಅಪ್ಪನಿಗೆ ರಜೆ. ಅವನು ಶೆಡ್ಡಿಗೆ ಬಂದು ಎರಡು ಕಾಲಂ ನೋಡಿದ, ಗಡಿಯಾರದ ಹಿಂದಿನ ಸೀಲ್ ನೋಡಿದ, ನೆಲದ ಚುಕ್ಕಿ ನೋಡಿದ. ಆವತ್ತಿನ ಅಳತೆ 251.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿರಬಹುದಲ್ಲ?" ಎಂದ. "ನಿಜವಾಗ್ಲೂ ಗೊತ್ತಿದ್ರೆ ಒಂದು ವಾರ ಮುಂಚೆ ಹೇಳು. ಮೂವತ್ತೊಂದಕ್ಕೆ ಬೆಳಕು ಎಲ್ಲಿ ಬೀಳುತ್ತೆ? ಇವತ್ತೇ ಗುರುತು ಹಾಕು. ಆವತ್ತು ಚುಕ್ಕಿ ಇಡೋದು ನಾನು. ನೀನು ಬೆನ್ನು ತಿರುಗಿಸಿ ನಿಲ್ಲಬೇಕು."

"ಅದ್ಯಾಕೆ?"

"ನಿನ್ನ ಕೈಗೆ ಉತ್ತರ ಗೊತ್ತಿರುತ್ತಲ್ಲ, ಅದಕ್ಕೆ."

ಚಿಟಿಕೆ ಕೂತು ಲೆಕ್ಕ ಹಾಕಿದಳು. ಏಳು ದಿನಕ್ಕೆ 54. ಒಟ್ಟು 305. ಅವಳ ಸ್ಕೇಲು ಸಾಲದೆ ಅಮ್ಮನ ಉದ್ದನೆಯ ಸ್ಟೀಲ್ ಸ್ಕೇಲು ಬೇಕಾಯಿತು. ಇನ್ನು ಗೋಡೆಯ ಕಡೆಗೆ ಎಷ್ಟು? ಮೊದಮೊದಲು ದಿನಕ್ಕೆ ಎರಡು ಸೆಂಟಿಮೀಟರ್ ನಡೆಯುತ್ತಿದ್ದ ಬೆಳಕು ಬರಬರುತ್ತಾ ನಿಧಾನವಾಗಿತ್ತು. ಒಂದು ವಾರದಿಂದ ಗೋಡೆಯ ಕಡೆಗೆ ಹೋಗುವುದನ್ನೇ ಬಿಟ್ಟಿತ್ತು. ಅದರ ಪ್ರಯಾಣ ಅಲ್ಲಿಗೆ ಮುಗಿದಿರಬೇಕು. ಅವಳು ಅದೇ ಸಾಲಿನಲ್ಲಿ, ಗೆರೆಯಿಂದ 305ಕ್ಕೆ, ಪೆನ್ಸಿಲ್ಲಿನಿಂದ ಒಂದು ದುಂಡು ಬರೆದು ನಡುವೆ ಚುಕ್ಕಿ ಇಟ್ಟಳು.

ಮರುದಿನದಿಂದ ಮೋಡ.

25, ಮೋಡ. 26, ಮೋಡ. ಹನ್ನೆರಡು ಹತ್ತಕ್ಕೆ ಅವಳು ಖಾಲಿ ನೆಲದ ಮುಂದೆ ಪೆನ್ಸಿಲ್ ಹಿಡಿದು ಕೂರುತ್ತಿದ್ದಳು. ನಿಮಿಷ ಕಳೆದ ಮೇಲೆ "ಮೋಡ" ಎಂದು ಬರೆದು ಏಳುತ್ತಿದ್ದಳು.

"ಏಳೆಂಟು ಕೂಡಿಸಿ ಚುಕ್ಕಿ ಇಟ್ಟುಬಿಡು. ಹೇಗೂ ಅಲ್ಲೇ ತಾನೇ ಬೀಳೋದು?" ಎಂದ ಸೈಕಲ್ ರಿಪೇರಿಯವನು. ತನ್ನ ಹಳೆಯ ಲೆಕ್ಕದ ಪುಸ್ತಕಕ್ಕೆ ರಟ್ಟು ಹಾಕಿಸಲು ಬಂದಿದ್ದ.

ಚಿಟಿಕೆಗೂ ಅದು ಹೊಳೆಯದೆ ಇರಲಿಲ್ಲ. ಎರಡನೆಯ ಕಾಲಂನಲ್ಲಿ ಅಷ್ಟು ಖಾಲಿ ಮನೆ ನೋಡಿದರೆ ಅಪ್ಪ ಏನನ್ನುತ್ತಾನೋ. ಪೆನ್ಸಿಲ್ ಕೈಯಲ್ಲೇ ಇತ್ತು.

"ನಾನು ನೋಡಿಲ್ವಲ್ಲ ಮಾಮ," ಎಂದಳು. 30ನೇ ತಾರೀಕಿನವರೆಗೂ ಆರು ಸಲ ಮೋಡ ಎಂದೇ ಬರೆದಳು.

31ರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಪ್ಪ ಅರ್ಧ ದಿನ ರಜೆ ಹಾಕಿ ಬಂದ. ಗಡಿಯಾರದ ತಾತ ಅಂಗಡಿಗೆ ಬೀಗ ಹಾಕಿ ಬಂದ. "ನನ್ನ ಗಡಿಯಾರದ ಮಾನದ ಪ್ರಶ್ನೆ," ಎಂದು ಸ್ಟೂಲ್ ಎಳೆದುಕೊಂಡು ಕೂತ.

ಹನ್ನೆರಡಕ್ಕೆ ಬೆಳಕಿನ ಕೋಲು ಇಳಿಯಿತು. ಒಂದು ತೆಳುವಾದ ಮೋಡದ ಎಳೆ ಎಲ್ಲಿಂದಲೋ ಬಂದು ನೆಲದ ಮೇಲಿನ ಸೂರ್ಯನನ್ನು ದಾಟಿಕೊಂಡು ಹೋಯಿತು. ಹೊಗೆಯಂಥ ನೆರಳು, ನಿಂಬೆಹಣ್ಣಿನಷ್ಟು ಬೆಳಕಿನಲ್ಲಿ ಒಂದು ಪುಟ್ಟ ಆಕಾಶ. ಅಪ್ಪ ಮಂಡಿಯೂರಿ ಕೂತವನು ಅಲ್ಲೇ ಕೈಯೂರಿ ಬಗ್ಗಿದ. "ಇದು... ಮೋಡವಾ? ಇಲ್ಲಿ ಕಾಣ್ತಿದೆಯಾ?"

"ಹೂಂ ಅಪ್ಪ. ದಿನಾ ಕಾಣುತ್ತೆ."

ಅಪ್ಪ ಇನ್ನೂ ಕೆಳಗೆ ಬಗ್ಗಿ ನೋಡಿದ.

ಹನ್ನೆರಡು ಎಂಟು. ಚಿಟಿಕೆ ಬೆನ್ನು ತಿರುಗಿಸಿ ಗಡಿಯಾರದ ಮುಂದೆ ನಿಂತಳು. ಜನವರಿಯ ಬೆಲ್ ಈಗಲೇ ಕೇಳಿದ ಹಾಗಾಯಿತು. ಸೆಕೆಂಡಿನ ಮುಳ್ಳು ಹತ್ತಕ್ಕೆ ಬಂತು, ಹನ್ನೊಂದಕ್ಕೆ ಬಂತು.

"ಈಗ!"

ಅಪ್ಪನ ಪೆನ್ಸಿಲ್ ನೆಲ ಮುಟ್ಟಿದ ಸದ್ದು ಕೇಳಿಸಿತು.

ಅವಳು ತಿರುಗಿ ಓಡಿಬಂದಳು. ಮೊದಲು ಗೆರೆಯಿಂದ ಅಳತೆ. ತಾತ ಸ್ಕೇಲಿನ ಒಂದು ತುದಿ ಹಿಡಿದ. ಅಪ್ಪ ಕಣ್ಣು ಕಿರಿದು ಮಾಡಿ ಓದಿದ. "ಮುನ್ನೂರ ನಾಲ್ಕು."

"ಮುನ್ನೂರ ಐದು ಅಂದಿದ್ಲು! ಒಂದು ವಾರ ಮುಂಚೆ!" ತಾತ ತೊಡೆ ತಟ್ಟಿಕೊಂಡ. "ಕೂದಲೆಳೆಯಷ್ಟು ವ್ಯತ್ಯಾಸ. ಭೇಷ್!"

ಚಿಟಿಕೆ ಮಾತ್ರ ನೆಲವನ್ನೇ ನೋಡುತ್ತಿದ್ದಳು. ಅಪ್ಪ ಇಟ್ಟ ಚುಕ್ಕಿ ಅವಳ ದುಂಡಿನ ನಡುವೆ ಇರಲಿಲ್ಲ. ಅಡ್ಡಕ್ಕೆ ಸರಿಯಾಗಿತ್ತು. ಆದರೆ ಗೋಡೆಯಿಂದ ಈಚೆಗೆ, ಇವರ ಕಡೆಗೆ, ಜರುಗಿತ್ತು.

"ನಿಮ್ಮ ಕೈ ನಡುಗಿರಬೇಕು," ಎಂದಳು ಅಮ್ಮ ಅಪ್ಪನಿಗೆ.

"ದಿನಕ್ಕೆ ಐವತ್ತು ಜನರ ರಕ್ತ ತೆಗೆಯೋ ಕೈ ಇದು!" ಅಪ್ಪ ಅಂದ. ಆಮೇಲೆ ಮಗಳ ಮುಖ ನೋಡಿದ. "ಬೇಕಾದ್ರೆ ಇದನ್ನ ಉಜ್ಜಿ ಒಂಚೂರು ಆ ಕಡೆ ಇಡೋಣ್ವಾ ಚಿಟಿಕೆ? ಅಷ್ಟು ಕರೆಕ್ಟಾಗಿ ಹೇಳಿದ್ದೀಯಲ್ಲ."

"ಮುಟ್ಬೇಡ!" ಅವಳು ಅಪ್ಪನ ಕೈಯನ್ನೇ ಹಿಡಿದುಕೊಂಡಳು. "ಮುಟ್ಬೇಡ ಅಪ್ಪ. ನೋಡು."

ಅವಳು ಬೆರಳಿಟ್ಟು ತೋರಿಸಿದಳು. ಅಕ್ಟೋಬರಿನ ಚುಕ್ಕಿಗಳು ದೂರ ದೂರ. ನವೆಂಬರಿನವು ಹತ್ತಿರ ಹತ್ತಿರ. ಡಿಸೆಂಬರ್ ಮಧ್ಯದಿಂದ ಈಚಿನವು ಗೋಡೆಯ ಕಡೆಗೆ ಹೋಗದೆ ಬರೀ ಅಡ್ಡಕ್ಕೆ ಸಾಲುಗಟ್ಟಿದ್ದವು. ಈಗ ಒಂದೇ ಒಂದು ಚುಕ್ಕಿ ಈ ಕಡೆಗೆ.

"ನಿಂತುಬಿಟ್ಟಿದೆ ಅಂದ್ಕೊಂಡಿದ್ದೆ," ಅವಳ ದನಿ ಪಿಸುಮಾತಿಗೆ ಇಳಿದಿತ್ತು. "ನಿಂತಿರಲಿಲ್ಲ. ತಿರುಗ್ತಾ ಇತ್ತು. ಅದು ವಾಪಸ್ ಬರ್ತಿದೆ."

ಅವಳು ಮೋಡ, ಮೋಡ ಎಂದು ಬರೆಯುತ್ತಿದ್ದ ಆರು ದಿನವೂ ಆ ಮೋಡದ ಮೇಲೆ ಅದು ನಡೆದೇ ಇತ್ತು. ಅವಳು ಚುಕ್ಕಿ ಇಟ್ಟರೂ ಅಷ್ಟೇ, ಇಡದಿದ್ದರೂ ಅಷ್ಟೇ. ಆ ಆರು ಖಾಲಿ ಮನೆಗಳನ್ನು ತನ್ನ ಲೆಕ್ಕದಿಂದ ತುಂಬಿದ್ದರೆ ಆರೂ ಸುಳ್ಳಾಗುತ್ತಿದ್ದವು ಎಂದು ಚಿಟಿಕೆಗೆ ಹೊಳೆಯಿತು.

ಬೆಳಕು ಈಗ ಅಪ್ಪನ ಚುಕ್ಕಿಯನ್ನು ಬಿಟ್ಟು ಎರಡು ಬೆರಳಗಲ ಮುಂದೆ ಹೋಗಿತ್ತು. ಅಪ್ಪ ಅದರ ದಾರಿಯಿಂದ ತನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

"ನಾಳೆ ಎಲ್ಲಿ ಬೀಳುತ್ತೆ?" ಎಂದು ಕೇಳಿದ.

"ಗೊತ್ತಿಲ್ಲ ಅಪ್ಪ. ನೋಡ್ಬೇಕು."

ಅಪ್ಪ ಎದ್ದು ಮಂಡಿಯ ಧೂಳು ಕೊಡವಿದ. "ಶಾಲೆಯವರಿಗೆ ಫೋನ್ ಮಾಡಿ ಆ ಸೀಟು ಬೇರೆ ಯಾರಿಗಾದ್ರೂ ಕೊಡಿ ಅಂತ ಹೇಳ್ತೀನಿ," ಎಂದ ಅಮ್ಮನಿಗೆ. "ಇಲ್ಲಿ ಕೆಲಸ ಇನ್ನೂ ಅರ್ಧಕ್ಕೇ ಇದೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ತಾತ ಸುಮ್ಮಸುಮ್ಮನೆ ಮೂಗು ಉಜ್ಜಿಕೊಂಡ. ಚಿಟಿಕೆ ಎಲ್ಲವನ್ನೂ ಕೇಳಿಸಿಕೊಂಡಳು, ಆದರೆ ಏಳಲಿಲ್ಲ. ಆವತ್ತಿನ ಪೀರಿಯಡ್ ಇನ್ನೂ ಮುಗಿದಿರಲಿಲ್ಲ. ತನ್ನ ದುಂಡಿನ ನಡುವಿನಿಂದ ಅಪ್ಪನ ಚುಕ್ಕಿಯವರೆಗೆ ಸ್ಕೇಲು ಇಟ್ಟಳು. ಎರಡು ಸಲ ಅಳೆದಳು. ಎರಡೂ ಸಲ ಅಷ್ಟೇ ಬಂತು. ನೋಟ್‌ಬುಕ್ ತೆಗೆದು ತಾರೀಕಿನ ಮುಂದೆ ಬರೆದಳು: ತಪ್ಪಿದ್ದು 28 ಮಿಲಿಮೀಟರ್.